ಜೈಸಲ್ಮೇರ್ ಮರಳಿನಲ್ಲಿ ಒಂದು ರಾತ್ರಿ: ಎಂಟು ಮಂದಿ, ಜೊತೆಗೆ ಅವ್ವ. ಸಮ್‌ಗೆ ಹೋಗೋಣವೋ ಖೂರಿಗೋ?

ಸವಿತಾ_ಹುಬ್ಬಳ್ಳಿ
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಗೆ ಎಂಟು ಮಂದಿ ಜೈಸಲ್ಮೇರ್‌ಗೆ ಹೊರಟಿದ್ದೇವೆ. ನಾನು, ನಮ್ಮವರು, ಇಬ್ಬರು ಮಕ್ಕಳು (14 ಮತ್ತು 9 ವರ್ಷ), ತಂಗಿ, ಅವಳ ಗಂಡ, ಅವರ ಪಕ್ಕದ ಮನೆಯ ನಿವೃತ್ತ ಮಾಸ್ತರು, ಮತ್ತೆ ನಮ್ಮವ್ವ. ಅವ್ವಗೆ 66. ಮೊಣಕಾಲು ನೋವಿದೆ. ಆದರೂ "ಮರಳುಗಾಡು ಅಂದ್ರ ಹೆಂಗಿರ್ತದ ಒಮ್ಮೆ ನೋಡಬೇಕು" ಅಂತ ಹಟ ಹಿಡಿದಿದ್ದಾಳೆ.

ಎರಡು ವರ್ಷದ ಹಿಂದೆ ನಾವಿಬ್ಬರೇ ಜೈಸಲ್ಮೇರ್ ಹತ್ತಿರದ ಮರಳ ದಿಬ್ಬಗಳ ಊರು ಸಮ್‌ಗೆ ಹೋಗಿ ಒಂದು ರಾತ್ರಿ ಉಳಿದಿದ್ದೆವು. ಸಾಲು ಸಾಲು ಡೇರೆ, ಪ್ರತಿ ಡೇರೆ ಗುಂಪಿಗೂ ಒಂದೊಂದು ಡಿಜೆ. ಅಕ್ಕಪಕ್ಕದ ಹಾಡುಗಳು ಒಂದರ ಮೇಲೊಂದು ಬಿದ್ದು ಯಾವುದೂ ಕೇಳುತ್ತಿರಲಿಲ್ಲ. ರಾತ್ರಿ 12 ದಾಟಿದರೂ ನಿಲ್ಲಲಿಲ್ಲ. ಮರಳ ದಿಬ್ಬದ ಮೇಲೆ ಬಿಸಾಡಿದ ಬಾಟಲಿ, ಚಿಪ್ಸ್ ಪೊಟ್ಟಣ. ಜೀಪುಗಳು ಏರಿಳಿದು ಮರಳೆಲ್ಲ ಉತ್ತ ಹೊಲದ ಹಾಗಾಗಿತ್ತು. ಅಷ್ಟು ದೂರ ಹೋಗಿ ಮರಳುಗಾಡಿನ ಮೌನವನ್ನು ಒಂದು ನಿಮಿಷವೂ ಕೇಳಲಿಲ್ಲ ಅನ್ನುವ ಸಂಕಟ ಇನ್ನೂ ಹೋಗಿಲ್ಲ.

ಈ ಸಲ ಅವ್ವನಿಗೆ ಹಾಗಾಗಬಾರದು. ಜೈಸಲ್ಮೇರ್ ಸುತ್ತಿನ ಇನ್ನೊಂದು ಮರಳಿನ ಹಳ್ಳಿ ಖೂರಿ ಕಡೆ ಶಾಂತವಾಗಿರುತ್ತದೆ ಅಂತ ಕೇಳಿದ್ದೇನೆ. ನಿಜವೇ? ಬಯಲಲ್ಲೇ ಮಲಗಿಸುತ್ತಾರಂತೆ, ಚಳಿ ತಡೆಯಬಹುದೇ? ಶೌಚಾಲಯ? ಅವ್ವ ಒಂಟೆ ಹತ್ತಬಹುದೇ? ಹೋಗಿ ಬಂದವರು ಹೇಳಿ.

ರಘು_ಮೈಸೂರು
ಮೇಡಂ, ಸಮ್‌ನ ಇಷ್ಟು ಬೈಯಬೇಡಿ. ಜೈಸಲ್ಮೇರ್‌ನಿಂದ 40 ಕಿ.ಮೀ. ಚಂದದ ರಸ್ತೆ, ಡೇರೆಯೊಳಗೇ ಬಿಸಿನೀರು, ಕಮೋಡ್. ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಇವೆಲ್ಲ ಬೇಕು. ನಮ್ಮ ತಂದೆಯವರನ್ನು ಅಲ್ಲಿಗೇ ಕರೆದುಕೊಂಡು ಹೋಗಿದ್ದೆ, ತುಂಬಾ ಖುಷಿಪಟ್ಟರು.

ಬಿಜಾಪುರದ_ಮಲ್ಲು
ಖೂರಿಗೆ ಹೋಗ್ರಿ ಅಕ್ಕಾರ. ಕಣ್ಣು ಮುಚ್ಚಿಕೊಂಡು ಹೋಗ್ರಿ. ನಾವು ಆರು ಮಂದಿ ಹೋಗಿದ್ವಿ. ಊರಾಗಿನ ಮನಿಯವರ ಕಡೆನೇ ಇದ್ವಿ, ಮಣ್ಣಿನ ಗ್ವಾಡಿ, ಮ್ಯಾಲೆ ಹುಲ್ಲು ಹೊದಿಸಿದ ದುಂಡನೆ ಗುಡಿಸಲು. ಹೊತ್ತು ಇಳಿಯೂ ಮುಂದ ಒಂಟಿ ಮ್ಯಾಲೆ ಮರಳಿಗೆ ಕರ್ಕೊಂಡು ಹೋದ್ರು. ಅಲ್ಲೇ ಬೆಂಕಿ ಹಚ್ಚಿ ಅಡಗಿ ಮಾಡಿ, ಅಲ್ಲೇ ಹೊರಸು ಹಾಕಿ ಮಲಗಿಸಿದ್ರು. ಕರೆಂಟ್ ಇಲ್ಲ, ಸ್ಪೀಕರ್ ಇಲ್ಲ.

ಒಂದು ಮಾತು ಮೊದಲ ಹೇಳಿಬಿಡ್ತೀನಿ. ದಿಬ್ಬ ಸಣ್ಣವು. ಸಿನಿಮಾದಾಗ ತೋರಸ್ತಾರಲ್ಲ, ಕಣ್ಣು ಹಾಯಿಸಿದಷ್ಟೂ ಮರಳು, ಹಂಗ ಇಲ್ಲ. ಥಾರ್ ಬಹಳ ಕಡೆ ಕುರುಚಲು ಗಿಡದ ಬಯಲು, ನಡುವ ನಡುವ ಮರಳು. ಹೊಲಾನೂ ಅದಾವ, ಊರೂ ಅದಾವ. ಅದನ್ನ ತಿಳಕೊಂಡು ಹೋದ್ರ ಬ್ಯಾಸರ ಆಗಂಗಿಲ್ಲ.

ರಘು_ಮೈಸೂರು
ಮಲ್ಲು ಅವರೇ, ಶೌಚಾಲಯದ ಮಾತೇ ಎತ್ತಲಿಲ್ಲ ನೀವು. ಎಂಟರಲ್ಲಿ ಹೆಂಗಸರು ಮಕ್ಕಳೇ ಜಾಸ್ತಿ.

ಕುಡ್ಲದ_ಪ್ರಮೀಳಾ
ಅದನ್ನು ನಾನು ಹೇಳ್ತೇನೆ, ಗಂಡಸರು ಹೇಳುವುದಿಲ್ಲ ಮಾರಾಯ್ರೆ. ದಿಬ್ಬದ ಮೇಲೆ ಮಲಗಿದರೆ ಶೌಚಾಲಯ ಇಲ್ಲ, ಪೊದೆಯ ಹಿಂದೆಯೇ ಹೋಗಬೇಕು. ಆದ್ದರಿಂದ ಬುಕ್ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: "ಮಲಗುವ ಜಾಗದಿಂದ ನಿಮ್ಮ ಮನೆ ಎಷ್ಟು ದೂರ, ನಡುರಾತ್ರಿ ಬೇಕಾದರೆ ಕರೆದುಕೊಂಡು ಬರ್ತೀರಾ?" ನಮಗೆ ಕಾಲು ಗಂಟೆ ನಡಿಗೆಯಷ್ಟು ಹತ್ತಿರದ ದಿಬ್ಬ ಆರಿಸಿಕೊಟ್ಟರು. ಅತ್ತೆಯವರಿಗಾಗಿ ಒಂಟೆ ಗಾಡಿ ರಾತ್ರಿಯಿಡೀ ಅಲ್ಲೇ ನಿಲ್ಲಿಸಿದ್ದರು. ಟಾರ್ಚ್, ಚೊಂಬು, ಕಾಗದ ಇಟ್ಟುಕೊಳ್ಳಿ. ಬಳಸಿದ ಕಾಗದವನ್ನು ಚೀಲಕ್ಕೆ ಹಾಕಿ ವಾಪಸ್ ತನ್ನಿ. ಅಲ್ಲಿ ಮಳೆ ಕಡಿಮೆ, ಯಾವುದೂ ಬೇಗ ಕೊಳೆಯುವುದಿಲ್ಲ. ಗಾಳಿಗೆ ಮರಳು ಸರಿದರೆ ಹೂತದ್ದೆಲ್ಲ ಮೇಲೆ ಬರ್ತದೆ.

ಒಂಟೆ ಹತ್ತುವ ವಿಷಯ. ಅದು ಏಳುವಾಗ ಹಿಂಗಾಲು ಮೊದಲು ಎತ್ತುತ್ತದೆ, ಕೂರುವಾಗ ಮುಂಗಾಲು ಮೊದಲು ಮಡಚುತ್ತದೆ. ಎರಡು ಸಲವೂ ನಾವು ಮುಂದಕ್ಕೆ ಮುಗ್ಗರಿಸುವುದೇ. ಹಾಗಾಗಿ ಎರಡು ಸಲವೂ ಹಿಂದಕ್ಕೆ ವಾಲಿ, ಜೀನು ಬಿಗಿಯಾಗಿ ಹಿಡಿಯಿರಿ. ಇದನ್ನು ಯಾರೂ ಹೇಳದೆ ನನ್ನ ತಮ್ಮ ಬಿದ್ದು ಮಣಿಕಟ್ಟು ಮುರಿದುಕೊಂಡ.

ಶಿರಸಿ_ವೈದ್ಯೆ
ಅಮ್ಮನವರನ್ನು ಒಂಟೆ ಮೇಲೆ ಕೂರಿಸಬೇಡಿ. ಒಂಟೆಯ ಬೆನ್ನು ಅಗಲ, ಕಾಲು ಅಗಲಿಸಿಕೊಂಡು ಗಂಟೆಗಟ್ಟಲೆ ಕೂತರೆ ಸೊಂಟ, ಮಂಡಿ ಎರಡೂ ಹಿಡಿದುಕೊಳ್ಳುತ್ತವೆ. ಪ್ರಮೀಳಾ ಹೇಳಿದ ಗಾಡಿಯೇ ಸರಿ.

ಚಳಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಡಿಸೆಂಬರ್-ಜನವರಿಯಲ್ಲಿ ಹಗಲು 24-25 ಡಿಗ್ರಿ ಇದ್ದರೂ ರಾತ್ರಿ 10ರ ಕೆಳಗೆ ಇಳಿಯುತ್ತದೆ, ಕೆಲವು ದಿನ 5ರ ಹತ್ತಿರ. ಮೋಡ ಇಲ್ಲ, ಗಾಳಿಯಲ್ಲಿ ತೇವ ಇಲ್ಲ, ಹಗಲು ಕಾದ ಮರಳಿನ ಶಾಖವೆಲ್ಲ ಸಂಜೆಯಾಗುತ್ತಲೇ ಆಕಾಶಕ್ಕೆ ಹೊರಟುಹೋಗುತ್ತದೆ. ಎರಡು ದಿಬ್ಬದ ನಡುವಿನ ತಗ್ಗಿನಲ್ಲಿ ಮಲಗಬೇಡಿ, ತಂಪು ಗಾಳಿ ಅಲ್ಲಿಯೇ ಬಂದು ನಿಲ್ಲುತ್ತದೆ. ಕಿವಿ ಮುಚ್ಚುವ ಟೊಪ್ಪಿ, ಎರಡು ಜೊತೆ ಕಾಲುಚೀಲ, ಒಂದು ಬಿಸಿನೀರಿನ ಚೀಲ. ಉಬ್ಬಸ ಇದ್ದವರು ಬಯಲಲ್ಲಿ ಮಲಗುವ ಹಟ ಬಿಡಬೇಕು. ಬೆಳಗ್ಗೆ ಶೂ ಕೊಡವಿ ಹಾಕಿಕೊಳ್ಳಿ. ಚಳಿಗಾಲದಲ್ಲಿ ಚೇಳು, ಗರಗಸ ಮಂಡಲದ ಹಾವುಗಳ ಓಡಾಟ ಕಡಿಮೆ, ಆದರೂ ಅಭ್ಯಾಸ ಒಳ್ಳೆಯದು.

ನಕ್ಷತ್ರ_ನೋಡುಗ
ದಿನ ನಿಗದಿಯಾಯಿತಾ? ಪಂಚಾಂಗ ನೋಡಿ ಹೊರಡಿ. ಹುಣ್ಣಿಮೆಯ ಆಸುಪಾಸು ಹೋದರೆ ಮರಳು ಬೆಳ್ಳಗೆ ಹೊಳೆಯುತ್ತದೆ, ನಡೆದಾಡಲು ಚೆನ್ನ, ಆದರೆ ನಕ್ಷತ್ರಗಳು ಮಸುಕು. ಅಮಾವಾಸ್ಯೆ ಹತ್ತಿರ ಹೋದರೆ ಮಕ್ಕಳು ಜನ್ಮದಲ್ಲಿ ಮರೆಯುವುದಿಲ್ಲ. ಈ ಸಲ ಡಿಸೆಂಬರ್ ಕೊನೆಗೆ ಎಳ್ಳಮಾವಾಸ್ಯೆ ಹತ್ತಿರವೇ ಬರುತ್ತದೆಯಲ್ಲ.

ಹಾರುವ_ಹಕ್ಕಿ_88
ಹೌದು, ಆಕಾಶಗಂಗೆಯ ಫೋಟೊ ತೆಗೆಯಬೇಕು ಅಂದರೆ ಥಾರ್‌ಗಿಂತ ಒಳ್ಳೆಯ ಜಾಗ ಇಲ್ಲ. ಡಿಸೆಂಬರ್ ರಾತ್ರಿ ನಡು ಆಕಾಶದಲ್ಲಿ ಆಕಾಶಗಂಗೆಯ ಮಧ್ಯಭಾಗ ಉರಿಯುತ್ತಿರುತ್ತದೆ.

ನಕ್ಷತ್ರ_ನೋಡುಗ
ತಪ್ಪು. ಆಕಾಶಗಂಗೆಯ ಹೊಳೆಯುವ ಮಧ್ಯಭಾಗ ಇರುವುದು ಧನು ರಾಶಿಯ ಕಡೆ. ಡಿಸೆಂಬರ್‌ನಲ್ಲಿ ಸೂರ್ಯನೂ ಆ ಕಡೆಯೇ ಇರುತ್ತಾನೆ, ರಾತ್ರಿ ಅದು ಕಾಣುವುದೇ ಇಲ್ಲ. ಫೆಬ್ರುವರಿ-ಮಾರ್ಚ್‌ನಲ್ಲಿ ನಸುಕಿಗೆ ಎದ್ದರೆ ಸಿಗುತ್ತದೆ. ಡಿಸೆಂಬರ್‌ನಲ್ಲಿ ಕಾಣುವುದು ಅದರ ಮಸುಕಾದ ಹೊರಭಾಗ. ಬದಲಿಗೆ ಕೃತ್ತಿಕೆ, ರೋಹಿಣಿ, ಮೃಗಶಿರೆ, ಆರ್ದ್ರೆ, ಕೆಳಗೆ ಧಗಧಗಿಸುವ ಲುಬ್ಧಕ, ಎಲ್ಲ ಒಟ್ಟಿಗೆ ಮೇಲೇರುತ್ತವೆ. ನಮ್ಮ ಮಳೆ ನಕ್ಷತ್ರಗಳ ಹೆಸರನ್ನೇ ಹೇಳಿಕೊಂಡು ಮಕ್ಕಳಿಗೆ ತೋರಿಸಬಹುದು. ಅಮ್ಮನವರಿಗೆ ಆ ಹೆಸರೆಲ್ಲ ಬಾಯಿಪಾಠ ಇರುತ್ತವೆ.

ಬಿಜಾಪುರದ_ಮಲ್ಲು
ಎಳ್ಳಮಾಸಿ ದಿವಸ ಹೊಲ ಬಿಟ್ಟು ರಾಜಸ್ಥಾನಕ್ಕ ಹೋಗೂದಾ? ಹೊಲದಾಗ ಭೂಮಿತಾಯಿಗೆ ಎಡಿ ಅಂತ ಚರಗ ಚೆಲ್ಲಾವ್ರು ಯಾರು? ನಮ್ಮ ಮನ್ಯಾಗ ಈ ಮಾತು ತಗದ್ರ ನಮ್ಮವ್ವ ಊಟಾನೇ ಮಾಡಂಗಿಲ್ಲ. ಒಂದು ವಾರ ಹಿಂದ ಮುಂದ ಮಾಡ್ರಿ.

ಸವಿತಾ_ಹುಬ್ಬಳ್ಳಿ
ಮಲ್ಲು ಅವರೇ, ಗಾಯದ ಮೇಲೆ ಕೈ ಇಟ್ಟಿರಿ. ಮಕ್ಕಳ ರಜೆ, ತಂಗಿಯ ರಜೆ ಎರಡೂ ಕೂಡುವುದು ಆ ಐದಾರು ದಿನ ಮಾತ್ರ, ಎಳ್ಳಮಾವಾಸ್ಯೆ ಸರಿಯಾಗಿ ನಡುವೆ ಬರುತ್ತದೆ. ನವಲಗುಂದ ಕಡೆ ನಮ್ಮದು ಎರೆಹೊಲ. ಮದುವೆಯಾಗಿ ಬಂದ ಮೇಲೆ ಅವ್ವ ಒಂದು ಎಳ್ಳಮಾವಾಸ್ಯೆಯನ್ನೂ ತಪ್ಪಿಸಿಲ್ಲ. ಈ ಸಲ ಅಣ್ಣ ಹೊಲದ ಪೂಜೆ ನೋಡಿಕೊಳ್ಳುತ್ತಾನೆ ಅಂದಿದ್ದಾನೆ. ಅವ್ವ ಹೂಂ ಅಂದಿದ್ದಾಳೆ, ಆದರೆ ಎರಡು ದಿನದಿಂದ ಮಾತು ಕಡಿಮೆ.

ಗುಬ್ಬಚ್ಚಿ
ಡಿಜೆ ವಿಷಯಕ್ಕೆ ಬರುತ್ತೇನೆ, ಅದು ನಿಮ್ಮ ನಿದ್ದೆಯ ಪ್ರಶ್ನೆ ಮಾತ್ರ ಅಲ್ಲ. ಸಮ್, ಖೂರಿ ಎರಡರ ಸುತ್ತಮುತ್ತಲೂ ಡೆಸರ್ಟ್ ನ್ಯಾಷನಲ್ ಪಾರ್ಕ್ ಇದೆ. 1980ರಲ್ಲಿ ಘೋಷಣೆಯಾದದ್ದು, 3,162 ಚದರ ಕಿ.ಮೀ. ಅಲ್ಲಿರುವ ಗೋಡಾವಣ, ಅಂದರೆ ನಾವು ಎರೆಭೂತ ಅನ್ನುವ ಹಕ್ಕಿ, ಬಯಲಲ್ಲಿ ಸ್ವತಂತ್ರವಾಗಿ ಇಡೀ ದೇಶದಲ್ಲಿ 150ರ ಆಸುಪಾಸು ಮಾತ್ರ ಉಳಿದಿದೆ. ಒಂದು ಕಾಲಕ್ಕೆ ನಮ್ಮ ರಾಣೆಬೆನ್ನೂರಿನಲ್ಲೂ ಇತ್ತು. ಈಗ ಕರ್ನಾಟಕದಲ್ಲಿ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು. ಎತ್ತರದ ವಿದ್ಯುತ್ ತಂತಿಗೆ ಬಡಿದು ಸಾಯುತ್ತಿವೆ. ಭಾರದ ಹಕ್ಕಿ, ಎದುರಿಗಿನದು ಸರಿಯಾಗಿ ಕಾಣುವುದಿಲ್ಲ, ತಂತಿ ಹತ್ತಿರ ಬಂದಾಗ ತಿರುಗಿಕೊಳ್ಳಲು ಆಗುವುದಿಲ್ಲ. ಇದರ ಜೊತೆಗೆ ರಾತ್ರಿಯಿಡೀ ಸದ್ದು, ಬೆಳಕು, ಎಸೆದ ಅನ್ನಕ್ಕೆ ಬಂದು ಸೇರುವ ಬೀದಿನಾಯಿಗಳು. ದಯವಿಟ್ಟು ಶಾಂತವಾದ ಜಾಗವನ್ನೇ ಆರಿಸಿ, ದುಡ್ಡು ಸದ್ದು ಮಾಡದವರ ಕೈಗೆ ಹೋಗಲಿ.

ರಘು_ಮೈಸೂರು
ಒಪ್ಪುತ್ತೇನೆ. ಆದರೆ ಎಲ್ಲರೂ ಖೂರಿಗೆ ನುಗ್ಗಿದರೆ ಐದು ವರ್ಷಕ್ಕೆ ಅದೂ ಸಮ್ ಆಗುತ್ತದೆ.

ಗುಬ್ಬಚ್ಚಿ
ಆ ಭಯ ನನಗೂ ಇದೆ.

ಹಾರುವ_ಹಕ್ಕಿ_88
ಒಂಟೆ ಸವಾರಿಯನ್ನೇ ನಿಲ್ಲಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಮೂಗು ಚುಚ್ಚಿ ಹಗ್ಗ ಹಾಕಿ ಎಳೆಯುತ್ತಾರೆ, ನೋಡಲಾಗುವುದಿಲ್ಲ.

ಬಿಜಾಪುರದ_ಮಲ್ಲು
ಎತ್ತಿಗೆ ಮೂಗುದಾರ ಹಾಕಂಗಿಲ್ಲೇನು? ಸವಾರಿ ನಿಲ್ಲಿಸಿದ್ರ ಒಂಟಿ ಸಾಕಾವ್ರು ಯಾರು? ಹೊಲಕ್ಕ ಟ್ರ್ಯಾಕ್ಟರ್ ಬಂತು, ಗಾಡಿ ಜಾಗಾಕ್ಕ ಟೆಂಪೊ ಬಂತು.

ಗುಬ್ಬಚ್ಚಿ
ಇಬ್ಬರ ಮಾತಲ್ಲೂ ಹುರುಳಿದೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ 4 ಲಕ್ಷ ಒಂಟೆ ಇದ್ದವು, 2019ರಲ್ಲಿ ಎರಡೂವರೆ ಲಕ್ಷ. ಕೆಲಸ ಇಲ್ಲದ ಒಂಟೆಯನ್ನು ಬಡವ ಸಾಕಲಾರ. ಹತ್ತುವ ಮೊದಲು ಪ್ರಾಣಿಯನ್ನು ನೋಡಿ. ಮೂಗಿನ ಹತ್ತಿರ ಹುಣ್ಣು, ಜೀನಿನ ಕೆಳಗೆ ಗಾಯ ಇದ್ದರೆ ಹತ್ತಬೇಡಿ, ಯಾಕೆ ಹತ್ತಲಿಲ್ಲ ಅಂತ ಹೇಳಿಯೇ ಬನ್ನಿ. ಒಂದು ಒಂಟೆಗೆ ಒಬ್ಬರೇ. ಮತ್ತೆ ಒಂಟೆಯವನಿಗೆ ಆ ರಾತ್ರಿಗೆ ಎಷ್ಟು ಸಿಗುತ್ತದೆ ಅಂತ ಅವನನ್ನೇ ಕೇಳಿ. ಊರಿಂದ ಹೊರಗಿನ ಏಜೆಂಟರ ಮೂಲಕ ಹೋದರೆ ಬಹುಪಾಲು ದಾರಿಯಲ್ಲೇ ಕಳೆದುಹೋಗುತ್ತದೆ.

ಮಸ್ಕತ್_ಕನ್ನಡಿಗ
ಸ್ವಲ್ಪ ದಾರಿ ತಪ್ಪಿಸುತ್ತಿದ್ದೇನೆ, ಕ್ಷಮಿಸಿ. ನಾವು ಇಲ್ಲಿ ಒಮಾನ್‌ನ ಶರ್ಕಿಯಾ ಮರಳಿಗೆ ಪ್ರತಿ ಚಳಿಗಾಲ ಹೋಗುತ್ತೇವೆ. ದಿಬ್ಬ 100 ಮೀಟರ್‌ವರೆಗೂ ಎತ್ತರ. ಬಿದಿಯಾ ಊರಲ್ಲಿ ಟೈರ್ ಗಾಳಿಯನ್ನು 15-18 ಪಿಎಸ್‌ಐಗೆ ಇಳಿಸಿಕೊಂಡು ಒಳಗೆ ಹೋಗಬೇಕು. ಟೈರ್ ಅಗಲವಾಗಿ ಮರಳಿನ ಮೇಲೆ ಕೂರುತ್ತದೆ, ಒಂಟೆಯ ಪಾದದ ಹಾಗೆ. ಎಂದೂ ಒಂದೇ ಗಾಡಿಯಲ್ಲಿ ಹೋಗುವುದಿಲ್ಲ, ಕನಿಷ್ಠ ಎರಡು. ಒಮ್ಮೆ ನಮ್ಮ ಗಾಡಿ ಹೂತಾಗ ಒಬ್ಬ ಬೆದೂಯಿನ್ ಹುಡುಗ ಬಂದು, ಏನೂ ಕೇಳದೆ ಎಳೆದುಕೊಟ್ಟು, ಮನೆಗೆ ಕರೆದುಕೊಂಡು ಹೋಗಿ ಖರ್ಜೂರ, ಖಹ್ವಾ (ಅರಬ್ ಕಾಫಿ) ಕೊಟ್ಟ. ಅವನ ತಾಯಿ ನನ್ನ ಮಗಳ ಕೈಗೆ ತಾವೇ ಹೆಣೆದ ಉಣ್ಣೆಯ ದಾರ ಕಟ್ಟಿದರು. ದಿಬ್ಬ ಎಷ್ಟು ಎತ್ತರ ಅನ್ನುವುದು ಮರೆತುಹೋಗುತ್ತದೆ, ಇಂಥದ್ದು ಉಳಿಯುತ್ತದೆ. ಎಂಟೇ ಮಂದಿ ಇರುವುದು ನಿಮ್ಮ ಭಾಗ್ಯ. ನಲವತ್ತು ಜನರ ಬಸ್ಸನ್ನು ಯಾರೂ ಮನೆಗೆ ಕರೆಯುವುದಿಲ್ಲ.

ಹಾರುವ_ಹಕ್ಕಿ_88
ಹೇಗೂ ಅಲ್ಲಿಗೆ ಹೋಗುತ್ತೀರಿ, ಕುಲಧರಾ ದೆವ್ವದ ಊರು, ತಾನೋಟ್, ಲೋಂಗೆವಾಲಾ ಎಲ್ಲ ಅದೇ ದಿನ ಮುಗಿಸಿ. 1965ರ ಲೋಂಗೆವಾಲಾ ಯುದ್ಧದ ಟ್ಯಾಂಕ್ ಇನ್ನೂ ಇದೆ.

ರಘು_ಮೈಸೂರು
ಲೋಂಗೆವಾಲಾ 1971ರದ್ದು, ಡಿಸೆಂಬರ್ 4-5ರ ರಾತ್ರಿ. 1965ರದ್ದು ತಾನೋಟ್ ದೇವಿಯ ಗುಡಿಯ ಕಥೆ, ಬಿದ್ದ ಗುಂಡುಗಳು ಸಿಡಿಯಲಿಲ್ಲ ಅನ್ನುವ ನಂಬಿಕೆ. ಈಗ ಆ ಗುಡಿಯನ್ನು ಬಿಎಸ್ಎಫ್ ನೋಡಿಕೊಳ್ಳುತ್ತದೆ. ಜೈಸಲ್ಮೇರ್‌ನಿಂದ ಒಂದು ಕಡೆಗೇ 120 ಕಿ.ಮೀ. ಆಗುತ್ತದೆ. ಅದೇ ದಿನ ಸಂಜೆ ಖೂರಿಗೆ ಬಂದು ಒಂಟೆ ಹತ್ತುವುದು ವಯಸ್ಸಾದವರಿಗೆ ಹಿಂಸೆ. ಬೇರೆ ದಿನ ಇಟ್ಟುಕೊಳ್ಳಿ.

ಬಿಜಾಪುರದ_ಮಲ್ಲು
ಕುಲಧರಾಕ್ಕ ದೆವ್ವದ ಊರು ಅನಬ್ಯಾಡ್ರಿ, ನನಗ ಭಾಳ ಸಂಕಟ ಆಗ್ತದ. ಅದು ಪಾಲಿವಾಲ ಬ್ರಾಹ್ಮಣರ ಊರು. ಒಕ್ಕಲುತನ ಬಲ್ಲ ಮಂದಿ. ಅವರು ಕಟ್ಟಿದ ಖಡೀನ್ ನೋಡ್ರಿ. ಇಳಿಜಾರಿಗೆ ಅಡ್ಡ ಉದ್ದಕ ಮಣ್ಣಿನ ಒಡ್ಡು. ಮಳಿ ಬಂದಾಗ ಸುತ್ತಲಿನ ಕಲ್ಲು ಬಯಲಿನ ನೀರೆಲ್ಲ ಬಂದು ಅದರಾಗ ನಿಲ್ತದ. ನೀರು ಇಂಗಿದ ಮ್ಯಾಲೆ ಆ ಹಸಿ ಮ್ಯಾಲೇ ಗೋದಿ, ಕಡ್ಲಿ ಬಿತ್ತತಾರ. ನಮ್ಮ ಎರಿ ಹೊಲದಾಗ ಹಿಂಗಾರಿ ಬಿಳಿಜ್ವಾಳ ಬರೇ ನೆಲದ ಹಸಿ ಮ್ಯಾಲೆ ಬರ್ತದಲ್ಲ, ಅದೇ ಲೆಕ್ಕ. ಅಂಥಾ ಮಂದಿ ಊರು ಬಿಟ್ಟು ಹೋದ್ರು ಅಂದ್ರ ಕರದ ಕಾಟ, ನೀರಿನ ಬರ, ಏನು ಕಷ್ಟ ಇತ್ತೋ. ಅವರ ಮನಿ ಮುಂದ ನಿಂತು ದೆವ್ವ ದೆವ್ವ ಅಂತ ಕೂಗಿ ವಿಡಿಯೊ ಮಾಡೂದು ನೋಡಿ ಸಿಟ್ಟು ಬರ್ತದ.

ಕುಡ್ಲದ_ಪ್ರಮೀಳಾ
ಮಲ್ಲಣ್ಣ, ಸರಿಯಾಗಿ ಹೇಳಿದಿರಿ.

ಧಾರವಾಡದ_ತಂಬೂರಿ
ಹಾಡಿನ ಬಗ್ಗೆ ಯಾರೂ ಮಾತಾಡಲಿಲ್ಲ. ಡಿಜೆ ಬೇಡ ಅನ್ನಿ, ಹಾಡೇ ಬೇಡ ಅನ್ನಬೇಡಿ. ಮಾಂಗಣಿಯಾರರನ್ನು ಕರೆಸಲು ಮೊದಲೇ ಹೇಳಿಡಿ. ಅವರು ಮುಸ್ಲಿಮರು. ತಲೆಮಾರುಗಳಿಂದ ತಮ್ಮ ಹಿಂದೂ ಯಜಮಾನರ ಮನೆಗಳಲ್ಲಿ ಹುಟ್ಟಿಗೂ ಮದುವೆಗೂ ಹಾಡುತ್ತ ಬಂದವರು, ಕೃಷ್ಣನ ಮೇಲೂ ಹಾಡುತ್ತಾರೆ, ಪೀರರ ಮೇಲೂ ಹಾಡುತ್ತಾರೆ. ನಮ್ಮ ಶಿಶುನಾಳದ ನೆಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಮಾಯಿಚಾ ಅಂತ ಚರ್ಮ ಹೊದಿಸಿದ, ಕಮಾನಿನಲ್ಲಿ ನುಡಿಸುವ ವಾದ್ಯ, ಅದರ ದನಿ ಎದೆಯ ಒಳಗೇ ಇಳಿಯುತ್ತದೆ. ಕೈಯಲ್ಲಿ ಖಡ್ತಾಲ್, ನಮ್ಮ ದಾಸರ ಚಿಪ್ಳಿಯ ದಾಯಾದಿ. ಮೈಕ್ ಇಲ್ಲದೆ ಹಾಡಲು ಹೇಳಿ. ಎಂಟು ಮಂದಿಗೆ ಮೈಕ್ ಯಾಕೆ? ಸಿನಿಮಾ ಹಾಡು ಕೇಳಬೇಡಿ, "ನಿಮ್ಮ ಮನೆಯ ಹಾಡು ಹಾಡಿ" ಅನ್ನಿ. ಅವರ ಮುಖವೇ ಬದಲಾಗುತ್ತದೆ.

ಶಿರಸಿ_ವೈದ್ಯೆ
ಊಟಕ್ಕೆ ಕೇರ್-ಸಾಂಗ್ರಿ ಪಲ್ಯ ಕೇಳಿ ಮಾಡಿಸಿಕೊಳ್ಳಿ. ಕೇರ್ ಅಂದರೆ ಅಲ್ಲಿನ ಒಂದು ಮುಳ್ಳುಪೊದೆಯ ಕಾಯಿ. ಸಾಂಗ್ರಿ ಅಂದರೆ ಖೇಜಡಿ ಮರದ ಒಣಗಿಸಿದ ಕಾಯಿ. ಖೇಜಡಿ ಅಂದರೆ ನಮ್ಮ ಬನ್ನಿ ಮರ! ದಸರೆಗೆ ಎಲೆ ಕೊಟ್ಟು ಬಂಗಾರ ಅನ್ನುತ್ತೇವಲ್ಲ, ಅದೇ. ಅಲ್ಲಿ ಆಡಿಗೆ ಒಂಟೆಗೆ ಎಲೆ, ಮನುಷ್ಯರಿಗೆ ಕಾಯಿ, ಒಲೆಗೆ ಸೌದೆ. 1730ರಲ್ಲಿ ಜೋಧಪುರ ಹತ್ತಿರದ ಖೇಜಡ್ಲಿಯಲ್ಲಿ ಅರಸನ ಆಳುಗಳು ಕಡಿಯಲು ಬಂದಾಗ ಈ ಮರಗಳನ್ನು ಅಪ್ಪಿಕೊಂಡು ಬಿಷ್ಣೋಯಿ ಪಂಥದ 363 ಮಂದಿ ಪ್ರಾಣ ಕೊಟ್ಟರು.

ಸವಿತಾ_ಹುಬ್ಬಳ್ಳಿ
ಬನ್ನಿ ಮರ ಅಂತ ಅವ್ವಗೆ ಓದಿ ಹೇಳಿದೆ. "ಬನ್ನಿ ಅದ ಅಂದ್ರ ಅದು ನಮ್ಮ ಸೀಮೀನೇ" ಅಂದಳು. ಎರಡು ದಿನದ ನಂತರ ಬಾಯಿಬಿಟ್ಟು ಮಾತಾಡಿದ್ದು. ಎಲ್ಲರಿಗೂ ಕೈಮುಗಿದೆ. ಖೂರಿಯೇ ಗಟ್ಟಿ. ಬಂದು ಬರೆಯುತ್ತೇನೆ.

ಸವಿತಾ_ಹುಬ್ಬಳ್ಳಿ
ಬಂದೆವು. ಮೂರು ದಿನ ಆಯಿತು, ಇನ್ನೂ ಚೀಲ ಕೊಡವಿದರೆ ಮರಳು ಉದುರುತ್ತಿದೆ.

ಹುಬ್ಬಳ್ಳಿ ಮೇಲೆ ಹೋಗುವ ಬೆಂಗಳೂರು-ಜೋಧಪುರ ರೈಲಿನಲ್ಲೇ ಹೋದೆವು. ಅವ್ವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಮೂರು ನಮೂನೆ ಚಟ್ನಿಪುಡಿ ಕಟ್ಟಿಕೊಂಡಿದ್ದಳು. ಇಷ್ಟು ಯಾಕೆ ಅಂತ ನಾನು ಬೈದಿದ್ದೆ.

ಖೂರಿಯಲ್ಲಿ ಐದು ಒಂಟೆ, ಒಂದು ಗಾಡಿ. ಗಾಡಿಯಲ್ಲಿ ಅವ್ವ, ಮಾಸ್ತರು, ನನ್ನ ಸಣ್ಣ ಮಗ. ಪ್ರಮೀಳಾ ಅಕ್ಕ, ನೀವು ಹೇಳಿಕೊಟ್ಟಿದ್ದಕ್ಕೆ ಯಾರೂ ಬೀಳಲಿಲ್ಲ. ಒಂದು ಒಂಟೆಯ ಜೀನಿನ ಕೆಳಗೆ ಹಳೆಯ ಗಾಯ ಇತ್ತು, ಗುಬ್ಬಚ್ಚಿ ಅವರ ಮಾತು ನೆನಪಾಗಿ ಹೇಳಿದೆ. ಒಂಟೆಯವರು ಮುಖ ಸಣ್ಣ ಮಾಡಿಕೊಂಡರು, ಆದರೆ ವಾದ ಮಾಡಲಿಲ್ಲ, ಬೇರೆ ಒಂಟೆ ತಂದರು.

ಇಬ್ಬರು ಹಾಡುಗಾರರು ಬಂದಿದ್ದರು, ಅಪ್ಪ ಮತ್ತು ಹನ್ನೆರಡು ವರ್ಷದ ಮಗ. ಮನೆಯ ಹಾಡು ಹಾಡಿ ಅಂದೆವು. ಮಗಳನ್ನು ಗಂಡನ ಮನೆಗೆ ಕಳಿಸುವ ಹಾಡಂತೆ. ಭಾಷೆ ಒಂದಕ್ಷರ ತಿಳಿಯದ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹಾಡು ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟಬೇಕು ಅನ್ನಿಸಲಿಲ್ಲ.

ಮೌನ ಸಿಕ್ಕಿತು. ಒಂಟೆಗಳು ಮೆಲುಕು ಹಾಕುವ ಸದ್ದು ಕೇಳುವಷ್ಟು ಮೌನ. ದೂರದಲ್ಲಿ ಗಾಳಿಯಂತ್ರಗಳ ಕೆಂಪು ದೀಪ ಮಿನುಗುತ್ತಿದ್ದವು, ಅದೊಂದು ಬಿಟ್ಟರೆ ಬರೀ ನಕ್ಷತ್ರ. ಮಾಸ್ತರು ಟಾರ್ಚ್ ಹಿಡಿದು ಕೃತ್ತಿಕೆ ತೋರಿಸಿದರು. ಅವ್ವ ಮಿಕ್ಕಿದ್ದನ್ನೆಲ್ಲ ತಾನೇ ಹೇಳಿದಳು, ಯಾವ ಮಳೆಗೆ ಏನು ಬಿತ್ತಬೇಕು ಅನ್ನುವುದರ ಸಮೇತ. ನನ್ನ ಮಗಳು ಫೋನ್ ಕೆಳಗಿಟ್ಟು ಕೇಳುತ್ತಿದ್ದಳು.

ಮೂರು ಗಂಟೆಗೆ ಗಾಳಿ ಎದ್ದಿತು. ಮೂರು ರಜಾಯಿ ಹೊದ್ದರೂ ಅವ್ವಗೆ ಕೆಮ್ಮು ಹಿಡಿಯಿತು. ಗಾಡಿ ಹೂಡಿಸಿ ಅವಳನ್ನೂ ನನ್ನನ್ನೂ ಗುಡಿಸಲಿಗೆ ಕಳಿಸಿದರು. ವೈದ್ಯೆಯವರೇ, ನಿಮ್ಮ ಮಾತು ಪೂರ್ತಿ ಕೇಳಬೇಕಿತ್ತು, ಬಿಸಿನೀರಿನ ಚೀಲ ಒಯ್ದಿರಲಿಲ್ಲ.

ಹಾಗೆ ಗುಡಿಸಲಿಗೆ ಬಂದದ್ದರಿಂದಲೇ ಇದಾಯಿತು. ಅಂದು ಎಳ್ಳಮಾವಾಸ್ಯೆ. ಬೆಳಕು ಹರಿದಾಗ ಅವ್ವ ಹಾಸಿಗೆಯಲ್ಲಿರಲಿಲ್ಲ. ಗಾಬರಿಯಾಗಿ ಹೊರಗೆ ಓಡಿದೆ. ಮನೆಯ ಹಿಂದೆ ಅವರ ಹೊಲ, ಸಜ್ಜೆ ಕೊಯ್ದ ಕೂಳೆ, ಬದುವಿನಲ್ಲಿ ಒಂದು ಬನ್ನಿ ಮರ. ಅವ್ವ ಮನೆಯೊಡತಿಯ ಜೊತೆ ನಿಂತಿದ್ದಳು, ಇಬ್ಬರಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. ಬನ್ನಿಯ ಬುಡಕ್ಕೆ ಕುಂಕುಮ ಇಟ್ಟಿದ್ದಳು. ಸಜ್ಜೆ ರೊಟ್ಟಿ, ಹೋಳಿಗೆ ಮುರಿದು ಸೆರಗಿನಲ್ಲಿ ಕಟ್ಟಿಕೊಂಡು ಹೊಲದ ನಾಲ್ಕೂ ಮೂಲೆಗೆ ನಡೆದು, ನಮ್ಮ ಹೊಲದಲ್ಲಿ ಕೂಗುವ ಹಾಗೆಯೇ ದನಿ ಎತ್ತಿ "ಹುಲ್ಲುಲಿಗೋ, ಚಲ್ಲಂಬ್ರಿಗೋ" ಅಂತ ಚೆಲ್ಲಿದಳು. ಹಿಂದೆ ಆ ಹೆಣ್ಣುಮಗಳು ತಂಬಿಗೆಯಲ್ಲಿ ನೀರು ಹಿಡಿದು ನಡೆದಳು, ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಉಳಿದ ರೊಟ್ಟಿ ಅವಳ ಕೈಗೆ ಕೊಟ್ಟಾಗ ಮುರಿದು ಮೂಸಿ "ಬಾಜ್ರಾ!" ಅಂದಳು.

ಬಿಜಾಪುರದ_ಮಲ್ಲು
ಓದಕೋತ ಕಣ್ಣಾಗ ನೀರು ಬಂತು ಅಕ್ಕಾರ. ಅವ್ವಾರಿಗೆ ನಮಸ್ಕಾರ ಹೇಳ್ರಿ. ಎಳ್ಳಮಾಸಿಗೆ ಹೋಗಬ್ಯಾಡ್ರಿ ಅಂದಿದ್ದೆ, ನನ್ನ ಮಾತು ನಾ ಹಿಂದ ತಗೋತೀನಿ.

ಶಿರಸಿ_ವೈದ್ಯೆ
ಕೆಮ್ಮು ಈಗ ಹೇಗಿದೆ? ವಾರಕ್ಕಿಂತ ಹೆಚ್ಚು ಇದ್ದರೆ ತೋರಿಸಿ.

ಸವಿತಾ_ಹುಬ್ಬಳ್ಳಿ
ಕಡಿಮೆ ಆಗಿದೆ ಡಾಕ್ಟ್ರೇ. ನಿನ್ನೆ ಹೊಲಕ್ಕೂ ಹೋಗಿ ಬಂದಳು.

ನಕ್ಷತ್ರ_ನೋಡುಗ
ಮೇಡಂ, ಆ ಮನೆಯವರ ಫೋನ್ ನಂಬರ್ ಕೊಡುತ್ತೀರಾ? ಫೆಬ್ರುವರಿಯಲ್ಲಿ ನಾವು ಆರು ಮಂದಿ ಹೋಗಬೇಕು ಅಂತಿದ್ದೇವೆ.

ಸವಿತಾ_ಹುಬ್ಬಳ್ಳಿ
ಎಲ್ಲರ ಮುಂದೆ ಹಾಕುವುದಿಲ್ಲ ಸರ್, ಮೊದಲು ಅವರನ್ನು ಕೇಳುತ್ತೇನೆ. ಭಾನುವಾರ ಅವ್ವ ಹೇಗೂ ಫೋನ್ ಮಾಡಿಸುತ್ತಾಳೆ, ಅವರ ಎಮ್ಮೆ ಈದಿತೋ ಇಲ್ಲವೋ ಕೇಳಬೇಕಂತೆ.